ಒಂದೇ ಸಲ ಕೇಳುವ ಮನೆ

ಮಗಳು ಸ್ಪೇನಿಗೆ ಹೋದ ಹನ್ನೊಂದನೇ ದಿನ ತಾಯಿ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದರು. ಕೈಯಲ್ಲಿ ಶೇಂಗಾ ಚಟ್ನಿಪುಡಿಯ ಪೊಟ್ಟಣ, ಸ್ಟೀಲ್ ಡಬ್ಬಿಯಲ್ಲಿ ತುಪ್ಪ. ತುಪ್ಪ ಕಳಿಸಲು ಬರುವುದಿಲ್ಲ ಎಂದು ಕೊರಿಯರ್‌ನವರು ವಾಪಸ್ ಕೊಟ್ಟಿದ್ದರು. ಅದು ನಿಜವೇ, ಯುರೋಪ್ ಒಕ್ಕೂಟದ ದೇಶಗಳಿಗೆ ನಮ್ಮ ಮನೆಯ ಹಾಲು, ಬೆಣ್ಣೆ, ತುಪ್ಪ ಒಯ್ಯುವಂತಿಲ್ಲ. ಕೊರಿಯರ್‌ನವರ ಹತ್ತಿರದಿಂದ ನೇರ ಬಂದು ಕುರ್ಚಿಯ ಅಂಚಿನಲ್ಲಿ ಕೂತರು. "ಅವಳು ಉಣ್ತಿಲ್ರೀ ಮೇಡಂ. ಆ ಮನೆಯೋರು ಉಪವಾಸ ಕೆಡವ್ಯಾರೆ. ವಾಪಸ್ ಕರೆಸ್ಕಳೋದು ಹೆಂಗೆ, ಅಷ್ಟು ಹೇಳ್ರಿ."

ಈ ಪ್ರಕರಣವನ್ನು ತಾಯಿ, ಮಗಳು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಹೆಸರು ಇಡುವುದಿಲ್ಲ, ಹುಡುಗಿ ಎಂದೇ ಕರೆಯುತ್ತೇನೆ. ವಯಸ್ಸು 22, ದಾವಣಗೆರೆಯಲ್ಲೇ ಬಿ.ಕಾಂ. ಬೆಂಗಳೂರಿನ ಕಂಪನಿಗಳಲ್ಲಿ ಸ್ಪ್ಯಾನಿಷ್ ಬಲ್ಲವರಿಗೆ ಕೆಲಸವಿದೆ ಎಂದು ತಿಳಿದು, ಆನ್‌ಲೈನ್‌ನಲ್ಲಿ ಎ2 ಎಂಬ ಆರಂಭಿಕ ಹಂತದವರೆಗೆ ಕಲಿತವಳು. ಮುಂದಿನ ಹಂತಕ್ಕೆ ಸಾಲಮಾಂಕಾ ಎಂಬ ಊರಿನ ಒಂದು ಭಾಷಾಶಾಲೆಗೆ ನಾಲ್ಕು ತಿಂಗಳ ಕೋರ್ಸಿಗೆ ಹೋಗಿದ್ದಳು. 1218ರಲ್ಲಿ ಆರಂಭವಾದ ವಿಶ್ವವಿದ್ಯಾಲಯ ಇರುವ ಊರದು. ಭಾಷೆ ಕಲಿಯಲು ಜಗತ್ತಿನ ಎಲ್ಲ ಕಡೆಯಿಂದ ಮಕ್ಕಳು ಬರುತ್ತಾರೆ. ಚನ್ನಗಿರಿ ಕಡೆಯ ಅಡಿಕೆ ತೋಟದ ಮೇಲೆ ತಂದೆ ಸಾಲ ಎತ್ತಿದ್ದರು. ವಾಸ ಒಂದು ಮನೆಯಲ್ಲಿ: ಅರವತ್ತು ದಾಟಿದ ಒಬ್ಬ ಹೆಂಗಸು, ವಾರಕ್ಕೆರಡು ಸಲ ಬಂದುಹೋಗುವ ಮಗ. ಕೋಣೆ, ತಿಂಡಿ, ಎರಡು ಹೊತ್ತಿನ ಊಟ ಸೇರಿ ವಾರಕ್ಕಿಷ್ಟು ಎಂದು ಲೆಕ್ಕ.

ತಾಯಿಗೆ ನಾನು ಮೊದಲೇ ಒಂದು ಮಾತು ಹೇಳಿದೆ. ಮಗಳು ದೊಡ್ಡವಳು. ಅವಳು ಒಪ್ಪಿದರೆ ಅವಳೊಂದಿಗೂ ಮಾತಾಡುತ್ತೇನೆ, ಆದರೆ ಅವಳು ಹೇಳಿದ್ದನ್ನು ನಿಮಗೆ ತಂದು ಹೇಳುವುದಿಲ್ಲ, ನೀವು ಹೇಳಿದ್ದನ್ನು ಅವಳಿಗೂ ಮುಟ್ಟಿಸುವುದಿಲ್ಲ. ಅವರಿಗೆ ಇದು ಹಿಡಿಸಲಿಲ್ಲ. "ಮತ್ತೆ ನನಗೆ ತಿಳಿಯೋದು ಹೆಂಗೆ?" ಎಂದರು. ಅವಳೇ ಹೇಳುವ ಹಾಗೆ ಮಾಡೋಣ ಎಂದೆ.

ಮೊದಲ ಮಾತುಕತೆ ನಮ್ಮ ಸಂಜೆ ಆರೂವರೆಗೆ, ಅಲ್ಲಿನ ಮಧ್ಯಾಹ್ನ ಮೂರಕ್ಕೆ. ಪರದೆಯ ಮೇಲೆ ಹುಡುಗಿಯ ಮುಖ ಕಾಣದಷ್ಟು ಕತ್ತಲು. ದೀಪ ಹಾಕು ಎಂದರೆ, "ಹಾಕಬಹುದೋ ಏನೋ ಗೊತ್ತಿಲ್ಲ ಮೇಡಂ. ಈ ಹೊತ್ತಲ್ಲಿ ಇಡೀ ಮನೆ ಕಿಟಕಿ ಮುಚ್ಚಿ ಸುಮ್ಮನಾಗುತ್ತೆ" ಎಂದು ಪಿಸುಗುಟ್ಟಿದಳು. ಬಿಸಿಲು ತಡೆಯಲು ಕಿಟಕಿಯ ಹೊರ ಪಟ್ಟಿಗಳನ್ನು ಇಳಿಸುವುದು ಅಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವ ರೂಢಿ. ಅವಳಿಗೆ ಮಾತ್ರ ಅದು ತನ್ನ ಮುಖದ ಮೇಲೆ ಬಾಗಿಲು ಹಾಕಿದಂತೆ ಕಂಡಿತ್ತು.

ಮನಸ್ಸಿನ ಮಾತಿಗೆ ಇಳಿಯುವ ಮೊದಲು ಕೇಳಲೇಬೇಕಾದ್ದನ್ನು ಕೇಳಿದೆ. ಕೋಣೆಗೆ ಒಳಗಿನಿಂದ ಚಿಲಕ ಇದೆಯೇ? ಆ ಮಗ ಅಥವಾ ಬೇರೆ ಯಾರಾದರೂ ಇರುಸುಮುರುಸಾಗುವಂತೆ ನಡೆದುಕೊಂಡರೇ? ಪಾಸ್‌ಪೋರ್ಟ್ ನಿನ್ನ ಬಳಿಯೇ ಇದೆಯೇ? ಜೀವ ಬೇಡ ಅನ್ನಿಸಿದ್ದುಂಟೇ? ನಿದ್ದೆ ಎಷ್ಟು? ಇದ್ಯಾವುದನ್ನೂ ಬಿಟ್ಟು "ಹೊಂದಿಕೋ ತಂಗಿ" ಎಂದು ಉಪದೇಶಿಸುವುದು ಅಪಾಯ. ಒಂದಕ್ಕಾದರೂ ಕೆಟ್ಟ ಉತ್ತರ ಬಂದಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು: ಮನೆ ಬದಲಿಸು, ಶಾಲೆಯವರಿಗೆ ಈಗಲೇ ಹೇಳು, 112ಕ್ಕೆ ಕರೆ ಮಾಡು. ಹಾಗೇನೂ ಇರಲಿಲ್ಲ. ಇದ್ದದ್ದು ಹಸಿವು ಮತ್ತು ನಾಚಿಕೆ.

ಹಸಿವಿನ ಕಥೆ ಹೀಗೆ. ಮೊದಲ ರಾತ್ರಿ ಒಂಬತ್ತೂವರೆಗೆ ಊಟ. ಅಲ್ಲಿ ಊಟ ತಡ, ಹೊತ್ತು ಮುಳುಗುವುದೂ ತಡ. ಭೂಪಟದಲ್ಲಿ ಲಂಡನ್ನಿನ ನೇರಕ್ಕಿರುವ ಸ್ಪೇನ್ 1940ರಿಂದ ಮಧ್ಯ ಯುರೋಪಿನ ಗಡಿಯಾರ ಇಟ್ಟುಕೊಂಡಿದೆ. ಸೆಪ್ಟೆಂಬರಿನಲ್ಲಿ ರಾತ್ರಿ ಎಂಟಕ್ಕೂ ಬೆಳಕಿರುತ್ತದೆ. ಏಳೂವರೆಗೆ ಉಂಡು ರೂಢಿಯಾದ ಹುಡುಗಿ ಆ ಹೊತ್ತಿಗೆ ಕಂಗೆಟ್ಟಿದ್ದಳು. ಮನೆಯಾಕೆ ಆಲೂಗೆಡ್ಡೆ ಹಾಕಿದ ದಪ್ಪ ಮೊಟ್ಟೆದೋಸೆಯಂಥದ್ದನ್ನು, ತೊರ್ತೀಯಾ ಅನ್ನುತ್ತಾರೆ, ತಟ್ಟೆಗೆ ಹಾಕಿ ಇನ್ನೊಂದು ತುಂಡು ಬೇಕೇ ಎಂದರು. ಹುಡುಗಿ "ನೋ, ಗ್ರಾಸಿಯಾಸ್" ಎಂದಳು. ಮನೆಯಾಕೆ ತಟ್ಟೆ ಎತ್ತಿ ಒಳಗಿಟ್ಟರು.

"ಅಷ್ಟೇ ಮೇಡಂ. ಇನ್ನೊಂದ್ಸಲ ಕೇಳಲೇ ಇಲ್ಲ."

ಇದನ್ನು ಹೇಳುವಾಗ ಅವಳ ಗಂಟಲು ಕಟ್ಟಿತು. ನನಗೂ ಏನೋ ಆಯಿತು, ಏಕೆಂದರೆ ನಾನೂ ಇದೇ ಊರಿನವಳು. ನಮ್ಮಲ್ಲಿ ಮೊದಲ "ಬೇಡ" ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ. ಮೂರನೇ ಸಲ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಹೋಳಿಗೆ ಬೀಳುತ್ತದೆ. ಒತ್ತಾಯ ಮಾಡದೆ ಬಡಿಸಿದರೆ ಅದನ್ನು ಬಡಿಸಿದ್ದು ಎಂದೇ ಅನ್ನುವುದಿಲ್ಲ. ಹುಡುಗಿ ಹನ್ನೊಂದು ದಿನವೂ ಆ ಎರಡನೇ ಕೇಳುವಿಕೆಗೆ ಕಾದಿದ್ದಳು. ಮನೆಯಾಕೆ ಹನ್ನೊಂದು ದಿನವೂ, ಈ ಹುಡುಗಿಗೆ ಹಸಿವು ಕಡಿಮೆ ಎಂದುಕೊಂಡು ತಟ್ಟೆಗೆ ಇನ್ನೂ ಕಡಿಮೆ ಹಾಕುತ್ತ ಬಂದಿದ್ದರು. ಇಬ್ಬರೂ ತಮ್ಮ ತಮ್ಮ ಸಭ್ಯತೆಯನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಸಸ್ಯಾಹಾರದ ತೊಡಕು ಬೇರೆ. "ಕಾರ್ನೆ ತಿನ್ನುವುದಿಲ್ಲ" ಎಂದು ಹೇಳಿದ್ದಳು; ಪುಸ್ತಕದಲ್ಲಿ ಕಾರ್ನೆ ಎಂದರೆ ಮಾಂಸ. ಬಳಕೆಯಲ್ಲಿ ಅನೇಕರಿಗೆ ಆ ಪದದಲ್ಲಿ ಮೀನು ಬರುವುದಿಲ್ಲ, ತೆಳುವಾಗಿ ಕೊಯ್ದ ಹಂದಿಮಾಂಸ ಹಾಮೋನ್ ಕೂಡ ಬರುವುದಿಲ್ಲ. ಬೇಳೆಸಾರಿನಂಥ ಲೆಂತೇಹಾಸ್‌ನಲ್ಲಿ ಚೋರಿಸೋ ಎಂಬ ಹಂದಿಮಾಂಸದ ಸಾಸೇಜ್ ತುಂಡು ಬೆಂದಿರುತ್ತದೆ. ತುಂಡು ತೆಗೆದು ಬಡಿಸಿದರೆ ಆಯಿತಲ್ಲ ಎಂದು ಅಡುಗೆ ಮಾಡಿದವರ ಎಣಿಕೆ. ಹುಡುಗಿ ಅದನ್ನು ಮುಟ್ಟಲಿಲ್ಲ, ಯಾಕೆಂದೂ ಹೇಳಲಿಲ್ಲ. ತೊರ್ತೀಯಾ ಮಾತ್ರ ತಿಂದಿದ್ದಳು. ಮನೆಯಲ್ಲಿ ಮೊಟ್ಟೆ ಒಲೆ ಹತ್ತಿದ್ದಿಲ್ಲ. ಅಮ್ಮನಿಂದ ಮುಚ್ಚಿಟ್ಟಿದ್ದೇನೆ ಎಂದು ಅತ್ತಳು. ಹೊಟ್ಟೆಗಿಂತ ಹೆಚ್ಚು ಇದು ಅವಳನ್ನು ತಿನ್ನುತ್ತಿತ್ತು ಎಂದು ನನ್ನ ಅಂದಾಜು.

ಇನ್ನು ಫೋನು. ಅಲ್ಲಿನ ಒಂಬತ್ತೂವರೆ ಎಂದರೆ ಇಲ್ಲಿ ರಾತ್ರಿ ಒಂದು. ಮಗಳು ಉಣ್ಣುವುದನ್ನು ಕಣ್ಣಾರೆ ನೋಡಬೇಕೆಂದು ತಾಯಿ ಅಲ್ಲಿಯತನಕ ಎಚ್ಚರವಿರುತ್ತಿದ್ದರು. ಹುಡುಗಿ ನೀರಿನ ಲೋಟಕ್ಕೆ ಫೋನು ಒರಗಿಸಿ ಕೂರುತ್ತಿದ್ದಳು. ನಾಲ್ಕನೇ ದಿನ ಮನೆಯಾಕೆ ತಮ್ಮ ತಟ್ಟೆ ಹಿಡಿದು ಟಿವಿ ಇರುವ ಕೋಣೆಗೆ ಹೋದರು. ತನ್ನೊಂದಿಗೆ ಕೂತು ಉಣ್ಣಲೂ ಇಷ್ಟವಿಲ್ಲ ಎಂದು ಹುಡುಗಿ ತಿಳಿದಳು. ಊಟ ಮುಗಿದ ತಕ್ಷಣ ತಟ್ಟೆ ತೊಳೆದಿಟ್ಟು ಕೋಣೆ ಸೇರುತ್ತಿದ್ದಳು, ಎಂಜಲು ಕೈಯಲ್ಲಿ ಕೂತು ಮಾತಾಡುವುದು ನಮ್ಮಲ್ಲಿ ತಪ್ಪಲ್ಲವೇ. ಅಲ್ಲಿ ಊಟವಾದ ಮೇಲೆ ಮೇಜು ಬಿಡದೆ ಹರಟೆ ಹೊಡೆಯುವುದಕ್ಕೆ ಸೋಬ್ರೆಮೇಸಾ ಎಂಬ ಹೆಸರೇ ಇದೆ. ಭಾಷೆ ಕಲಿಯಲು ಹೋದವಳು ದಿನದ ಆ ಅರ್ಧ ಗಂಟೆಯನ್ನೇ ತಪ್ಪಿಸಿಕೊಳ್ಳುತ್ತಿದ್ದಳು.

ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್ 1960ರಲ್ಲಿ ಬರೆದ ಲೇಖನದಿಂದ 'ಕಲ್ಚರ್ ಶಾಕ್', ಅಂದರೆ ಪರಿಚಯವಿಲ್ಲದ ಸಂಸ್ಕೃತಿಗೆ ಹೋದಾಗ ಆಗುವ ತಳಮಳ, ಎಂಬ ಮಾತು ಎಲ್ಲೆಡೆ ಹರಡಿತು. ಮೊದಲು ಎಲ್ಲವೂ ಚಂದ ಕಾಣುವ ಹಂತ, ಆಮೇಲೆ ಬಿಕ್ಕಟ್ಟು, ಆಮೇಲೆ ಹೊಂದಿಕೆ ಎಂದು ಅದರಲ್ಲಿ ಕ್ರಮವಿದೆ. ನನ್ನ ಅನುಭವದಲ್ಲಿ ನಮ್ಮ ಜಿಲ್ಲೆಯಿಂದ ಹೋಗುವ ಮಕ್ಕಳಿಗೆ ಆ ಮೊದಲ ಚಂದದ ಹಂತ ಎಷ್ಟೋ ಸಲ ಬರುವುದೇ ಇಲ್ಲ. ಸಾಲದ ಭಾರ ಹೊತ್ತು ವಿಮಾನ ಇಳಿದವರಿಗೆ ಮೊದಲ ದಿನವೇ ಬಿಕ್ಕಟ್ಟು. ಹೀಗಾಗಿ "ಎಲ್ಲರಿಗೂ ಖುಷಿ, ನನಗೊಬ್ಬಳಿಗೇ ಯಾಕೆ ಹೀಗೆ" ಎಂಬ ಕೊರಗು ಬೇರೆ ಸೇರಿಕೊಳ್ಳುತ್ತದೆ. ಇದನ್ನು ಅವಳಿಗೆ ನೇರವಾಗಿ ಹೇಳಿದೆ.

ಅವಳ ನಾಚಿಕೆ ಇದ್ದದ್ದು ಭಾಷೆಯಲ್ಲಿ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವಳಿಗೆ ಈಗ ಮೂರು ವರ್ಷದ ಮಗುವಿನಷ್ಟು ಮಾತು. ತರಗತಿಯಲ್ಲಿ ಪರವಾಗಿಲ್ಲ, ಮನೆಯಲ್ಲಿ ನಾಲಿಗೆ ಏಳುವುದಿಲ್ಲ. ಎರಡನೇ ಮಾತುಕತೆಯಲ್ಲಿ ನಾನು ಸಲಹೆ ಕೊಡುವುದನ್ನು ಬಿಟ್ಟು, ನನಗೊಂದು ವಾಕ್ಯ ಕಲಿಸು ಎಂದೆ. ನನಗೆ ಸ್ಪ್ಯಾನಿಷ್ ಬಾರದು. ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು: 'ಮೆ ಗುಸ್ತಾ' ಎಂದರೆ 'ಐ ಲೈಕ್', ಆದರೆ ವ್ಯಾಕರಣ ತಿರುಗುಮುರುಗು, ಇಷ್ಟವಾಗುವ ವಸ್ತುವೇ ಕರ್ತೃ. ತಡೆ ಎಂದೆ. ಕನ್ನಡದಲ್ಲಿ ಹೇಳು. ಒಂದು ಕ್ಷಣ ಸುಮ್ಮನಿದ್ದು, "ನನಗೆ... ಇಷ್ಟ ಆಗುತ್ತೆ" ಎಂದಳು. ಮತ್ತೆ ತಾನೇ, "ಮೆ ದುಯೆಲೆ ಲಾ ಕಬೇಥಾ, ನನಗೆ ತಲೆ ನೋಯುತ್ತೆ. ಅಯ್ಯೋ ಮೇಡಂ, ಒಂದೇ!" ಎಂದಳು. 'ಬಂದೆ' ಎಂದರೆ ಸಾಕು, 'ನಾನು' ಬೇಕಿಲ್ಲ; ಅಲ್ಲೂ ಹಾಗೆಯೇ, ಕ್ರಿಯಾಪದದ ಬಾಲದಲ್ಲೇ ಆಳು ಕೂತಿರುತ್ತಾನೆ. ತ, ದ ನಮ್ಮವೇ. ಕರಾವಳಿಗೆ ಬಂದ ಪೋರ್ಚುಗೀಸರಿಂದ ನಮಗೆ ಸಿಕ್ಕ ಅಲಮಾರು, ಪಾದ್ರಿ, ಮೇಸ್ತ್ರಿ ಅಲ್ಲಿ ಅರ್ಮಾರಿಯೋ, ಪಾದ್ರೆ, ಮಾಯೆಸ್ತ್ರೋ. ಇಂಗ್ಲಿಷಿನ ಸೇತುವೆ ಹತ್ತಿ ಹೋಗುತ್ತಿದ್ದವಳಿಗೆ ಹಿತ್ತಲ ದಾರಿಯೊಂದು ಇದೆಯೆಂದು ಗೊತ್ತಾಯಿತು. ಅವತ್ತು ಮೊದಲ ಸಲ ಅವಳ ಧ್ವನಿ ಎತ್ತರಕ್ಕೆ ಬಂತು.

ಇನ್ನೊಂದು ಗಂಟು ಉಳಿದಿತ್ತು. ಮನೆಯಾಕೆ ತನ್ನನ್ನು 'ತೂ' ಎಂದು, ಅಂದರೆ ನೀನು ಎಂದು, ಕರೆ ಎಂದಿದ್ದರು. ಇವಳಿಗೆ 'ಉಸ್ತೆದ್', ಅಂದರೆ ನೀವು, ಬಿಟ್ಟು ಬಾಯಿ ಬರುತ್ತಿರಲಿಲ್ಲ. ಅಜ್ಜಿಯ ವಯಸ್ಸಿನವರಿಗೆ ನೀನು ಅನ್ನುವುದೇ? ಮನೆಯಲ್ಲಿ ಅಮ್ಮನಿಗೆ ಏನನ್ನುತ್ತೀ ಎಂದು ಕೇಳಿದೆ. ನೀನು. ದುಗ್ಗಮ್ಮನ ಗುಡಿಯಲ್ಲಿ ಕೈಮುಗಿದು ನಿಂತಾಗ? ನೀನು. ಆಮೇಲೆ ನಾನೇನೂ ಹೇಳಬೇಕಾಗಲಿಲ್ಲ.

ಅವಳಿಗೆ ಕೊಟ್ಟ ಸಲಹೆ ಹೆಚ್ಚಿಲ್ಲ. ಹಸಿವಿದ್ದರೆ ಮೊದಲ ಸಲಕ್ಕೇ 'ಸೀ' ಎನ್ನು. ಅದು ದುರಾಸೆಯಲ್ಲ, ಆ ಮನೆಯಲ್ಲಿ ಹೌದು ಎಂದರೆ ಹೌದು, ಬೇಡ ಎಂದರೆ ಬೇಡ. ಮಾಂಸ, ಹಾಮೋನ್, ಮೀನು ಮೂರನ್ನೂ ಹೆಸರಿಟ್ಟು ಬೇಡ ಎಂದು ಚೀಟಿಯಲ್ಲಿ ಬರೆದು ಕೊಡು. ಬೇಳೆ, ಗಾರ್ಬಾನ್ಸೋ ಎಂಬ ಕಡಲೆಕಾಳು, ಟೊಮೆಟೊ, ಬ್ರೆಡ್ಡು ಧಾರಾಳ ತಿನ್ನುತ್ತೇನೆ ಎಂದೂ ಬರೆ, ಬರೀ ಬೇಡಗಳ ಪಟ್ಟಿ ಕೊಟ್ಟರೆ ಅಡುಗೆ ಮಾಡುವವರಿಗೆ ದಾರಿ ತೋಚದು. ಊಟದ ಹೊತ್ತು ಫೋನು ಕೋಣೆಯಲ್ಲಿರಲಿ. ಉಂಡ ಮೇಲೆ ಹತ್ತು ನಿಮಿಷ, ಒಂದು ಮಾತೂ ಅರ್ಥವಾಗದಿದ್ದರೂ ಕೂರು. ಅಡುಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿಕೊಡು. ಕೈಗೆ ಕೆಲಸವಿದ್ದಾಗ ಬಾಯಿ ತಾನಾಗಿ ಬಿಡುತ್ತದೆ, ಸೆಬೋಯಾ, ಆಹೋ, ಸಾಲ್ ಎಂದು ಈರುಳ್ಳಿ ಬೆಳ್ಳುಳ್ಳಿ ಉಪ್ಪು ತಾವೇ ಬಂದು ಕೂರುತ್ತವೆ. ಸಂಜೆ ಆಕೆ ಗೆಳತಿಯರೊಂದಿಗೆ ಪ್ಲಾಸಾ ಮಯೋರ್ ಚೌಕಕ್ಕೆ ಸುತ್ತಾಡಲು ಕರೆದರೆ ಹೋಗು. ನಮ್ಮೂರಲ್ಲಿ ರಾಮ್ ಅಂಡ್ ಕೋ ಸರ್ಕಲ್‌ಗೆ ಸಂಜೆ ಹೋಗುವುದು ಬರೀ ತಿನ್ನುವುದಕ್ಕಲ್ಲವಲ್ಲ, ಹಾಗೆಯೇ ಅದು. ಮೊಟ್ಟೆಯ ವಿಷಯ ಅಮ್ಮನಿಗೆ ಹೇಳುವುದೋ ಬಿಡುವುದೋ ನಿನ್ನ ನಿರ್ಧಾರ. ಹೇಳುವೆಯಾದರೆ ಹೊಟ್ಟೆ ತುಂಬಿದ ದಿನ ಹೇಳು, ಅಳುವ ದಿನ ಬೇಡ. ಮೂರು ವಾರ ಇಷ್ಟು ಮಾಡಿ ನೋಡು, ಆಮೇಲೂ ವಾಪಸ್ ಬರಬೇಕೆನಿಸಿದರೆ ನಾನೇ ನಿನ್ನ ತಂದೆಯೊಂದಿಗೆ ಕೂತು ಮಾತಾಡುತ್ತೇನೆ ಎಂದೆ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಒಳಗೆ ಕೂರುವುದು ಸುಲಭ.

ತಾಯಿಯೊಂದಿಗಿನ ಕೆಲಸ ಇದಕ್ಕಿಂತ ಕಷ್ಟದ್ದು. ದಿನಕ್ಕೆ ಒಂದೇ ಕರೆ, ಇಲ್ಲಿನ ಸಂಜೆ ಆರೂವರೆಗೆ, ಮಾಡುವವಳು ಮಗಳೇ. "ಊಟ ಆಯ್ತಾ, ಏನು ತಿಂದೆ" ಎಂಬ ಪ್ರಶ್ನೆಯನ್ನು ಮೊದಲ ಐದು ನಿಮಿಷ ಕೇಳುವಂತಿಲ್ಲ. ಅವರು ಸಿಟ್ಟಾದರು. "ಮತ್ತೇನು ಕೇಳ್ಲಿ? ನಮಗೆ ಗೊತ್ತಿರೋ ಮಾತು ಅದೊಂದೇ ಅಲ್ವೇನ್ರಿ." ಆ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮ ತಾಯಂದಿರ ಪ್ರೀತಿಯೆಲ್ಲ ಆ ಒಂದು ಪ್ರಶ್ನೆಯಲ್ಲಿ ಕೂತಿದೆ, ಅದನ್ನು ಕಸಿದುಕೊಂಡರೆ ಬದಲಿಗೆ ಏನಾದರೂ ಕೊಡಬೇಕು. ಸಾಲಮಾಂಕಾ ವಿಶ್ವವಿದ್ಯಾಲಯದ ಹಳೆಯ ಮುಂಭಾಗದ ಕಲ್ಲುಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕೂತ ಪುಟ್ಟ ಕಪ್ಪೆಯೊಂದಿದೆ. ಯಾರ ಸಹಾಯವೂ ಇಲ್ಲದೆ ಅದನ್ನು ಹುಡುಕಿದ ವಿದ್ಯಾರ್ಥಿಗೆ ಪರೀಕ್ಷೆಯಲ್ಲಿ ಒಳ್ಳೆಯದಾಗುತ್ತದೆ ಎಂದು ಅಲ್ಲಿನವರ ನಂಬಿಕೆ. ಕಪ್ಪೆ ಸಿಕ್ಕಿತೇ ಎಂದು ಕೇಳಿ ಎಂದೆ. ನಿದ್ದೆಗೆಟ್ಟು ಅವರಿಗೇ ಎದೆಬಡಿತ ಶುರುವಾಗಿತ್ತು. ವೈದ್ಯರ ಬಳಿ ಕಳಿಸಿದೆ, ರಾತ್ರಿ ಗಾಬರಿಯಾದರೆ ಕನ್ನಡದಲ್ಲೇ ಮಾತಾಡಬಹುದಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆ.

ಎಲ್ಲವೂ ಸರಿಹೋಗಲಿಲ್ಲ. ಮಧ್ಯಾಹ್ನದ ಆ ಕತ್ತಲು ಅವಳಿಗೆ ಕೊನೆಯವರೆಗೂ ಹಿಡಿಸಲಿಲ್ಲ, ಆ ಹೊತ್ತಿಗೆ ಗ್ರಂಥಾಲಯಕ್ಕೆ ಹೋಗತೊಡಗಿದಳು. ಆದರೆ ಐದನೇ ವಾರ ಬಂಡೆಯಂತಿದ್ದ ಒಂದು ಸಂಗತಿ ಕರಗಿತು. ಮೇಜಿನಿಂದ ಯಾಕೆ ಎದ್ದುಹೋಗುತ್ತಿದ್ದಿರಿ ಎಂದು ಅವಳು ಮನೆಯಾಕೆಯನ್ನು ತನ್ನ ಹರುಕುಮುರುಕು ಸ್ಪ್ಯಾನಿಷಿನಲ್ಲೇ ಕೇಳಿದಳು. ನೀನು ಅಮ್ಮನೊಂದಿಗೆ ಅಳುತ್ತಿದ್ದೆಯಲ್ಲ, ನಾನು ಎದುರಿಗೆ ಕೂತಿರುವುದು ಸರಿಯಲ್ಲ ಎನ್ನಿಸಿತು ಎಂದರಂತೆ. ಆ ವಾರ ಹುಡುಗಿ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಹಾಕಿ ಗಾರ್ಬಾನ್ಸೋ ಉಸಲಿ ಮಾಡಿದಳು. ಮನೆಯಾಕೆ ಎರಡನೇ ಸಲ ಹಾಕಿಸಿಕೊಂಡರು. ಮೊಟ್ಟೆಯ ವಿಷಯವನ್ನು ಅಮ್ಮನಿಗೆ ಹೇಳಿದ್ದಾಳೆ, ಅಮ್ಮ ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ "ಚೆನ್ನಾಗಿ ಬೇಯಿಸಿರ್ತಾರಾ?" ಎಂದರಂತೆ.

ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆಯಾಗುತ್ತದೆ. ಇದನ್ನು ತಾಯಿಗೆ ಯಾರೂ ಹೇಳಿರಲಿಲ್ಲ, ನನಗೂ ಮರೆತಿತ್ತು. ಆರೂವರೆಗೆ ಬರಬೇಕಾದ ಕರೆ ಬರಲಿಲ್ಲ. ಏಳೂವರೆಗೆ ಬಂತು. ಮರುದಿನ ಅವರು ನನಗೆ ಫೋನು ಮಾಡಿ ಹೇಳಿದರು: "ಆ ಒಂದು ತಾಸು ನಾನು ಫೋನ್ ಮುಟ್ಲಿಲ್ರೀ ಮೇಡಂ. ರೊಟ್ಟಿ ಬಡಿತಾ ಕೂತ್ಕಂಡೆ. ಹದಿನೆಂಟು ರೊಟ್ಟಿ ಆದ್ವು, ಇರೋದು ಇಬ್ರೇ."