ಸಂಪಾದಕರ ಉತ್ತರ: ಕುರಿ ಮಾರಿ ದುಡ್ಡು ಕಟ್ಟಿದವರು

ಬರ್ಲಿನ್ ಗೋಡೆ ಬಿದ್ದ ಮೇಲೆ ಪೂರ್ವ ಯುರೋಪಿನಲ್ಲಿ ಏನಾಯಿತು ಅನ್ನುವ ನಮ್ಮ ಹಿಂದಿನ ಸಂಚಿಕೆಯ ಲೇಖನ ಓದಿ, ಹಾಸನದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಅವರ ವಾದ ಇಷ್ಟು: "ದಶಕಗಟ್ಟಲೆ ಹೇಳಿದ್ದನ್ನು ಕೇಳಿಕೊಂಡು ಬದುಕಿದ ಜನಕ್ಕೆ ಒಂದೇ ಸಲ ವೋಟು ಕೊಟ್ಟರೆ ಏನು ಮಾಡಿಯಾರು? ಅಲ್ಬೇನಿಯಾದವರು 1997ರಲ್ಲಿ ದುಡ್ಡು ಕಳೆದುಕೊಂಡು ಬಂದೂಕು ಹಿಡಿದರಲ್ಲ, ಅದೇ ಸಾಕ್ಷಿ. ಜನ ಮೊದಲು ತಯಾರಾಗಬೇಕಿತ್ತು."

ಮೇಷ್ಟ್ರೇ, ನಮಸ್ಕಾರ. ಅಲ್ಬೇನಿಯಾದ ಕಥೆಯನ್ನು ನಾವು ಎರಡು ಸಾಲಿನಲ್ಲಿ ಮುಗಿಸಿದ್ದೆವು. ಅದು ನಮ್ಮದೇ ತಪ್ಪು. ಆದರೆ ನೀವು ಕೊಟ್ಟ ಸಾಕ್ಷಿಯನ್ನೇ ಹತ್ತಿರದಿಂದ ನೋಡಿದರೆ ಅದು ನಿಮ್ಮ ಪರವಾಗಿ ನಿಲ್ಲುವುದಿಲ್ಲ.

1985ರಲ್ಲಿ ಸಾಯುವ ತನಕ ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೊಜಾ ಆ ದೇಶವನ್ನು ಬೀಗ ಹಾಕಿಯೇ ಇಟ್ಟಿದ್ದ. 1967ರಲ್ಲಿ ಚರ್ಚು, ಮಸೀದಿ ಎಲ್ಲಾ ಮುಚ್ಚಿಸಿದ. ಸ್ವಂತ ಕಾರು ಇಟ್ಟುಕೊಳ್ಳುವ ಹಾಗಿರಲಿಲ್ಲ. ಅಂಥ ದೇಶದಲ್ಲಿ 1992ರ ಮಾರ್ಚ್‌ನಲ್ಲಿ ಜನ ವೋಟು ಹಾಕಿ ಕಮ್ಯುನಿಸ್ಟರ ವಾರಸುದಾರರನ್ನು ಇಳಿಸಿದರು. ಗೆದ್ದ ಪಕ್ಷದ ನಾಯಕ ಸಾಲಿ ಬೆರಿಶಾ ಅಧ್ಯಕ್ಷರಾದರು. ಇಲ್ಲಿಯವರೆಗೆ ಜನ ಏನೂ ಎಡವಲಿಲ್ಲ, ಅಲ್ವಾ?

ಎಡವಟ್ಟಾಗಿದ್ದು ದುಡ್ಡಿನ ವಿಷಯದಲ್ಲಿ. ಗಂಡಸರು ಗ್ರೀಸ್‌ಗೋ ಇಟಲಿಗೋ ಕೂಲಿಗೆ ಹೋಗಿ ಮನೆಗೆ ದುಡ್ಡು ಕಳಿಸುತ್ತಿದ್ದರು. ಅದನ್ನು ಇಡುವುದೆಲ್ಲಿ? ಇದ್ದದ್ದು ಸರ್ಕಾರಿ ಬ್ಯಾಂಕುಗಳು. ಅವು ಕೊಟ್ಟ ಸಾಲಗಳೇ ವಾಪಸ್ ಬರುತ್ತಿರಲಿಲ್ಲ, ಕೆಲಸವೂ ಆಮೆ ನಡಿಗೆ. ಆಗ ಬೀದಿಬೀದಿಯಲ್ಲಿ ಠೇವಣಿ ಕಂಪನಿಗಳು ಎದ್ದವು. ವೆಫಾ, ಗ್ಯಾಲಿತ್ಸಾ, ಸುದೆ, ಜಫೆರಿ, ಪೊಪುಲಿ. ಕೆಲವಕ್ಕೆ ಅಂಗಡಿ, ಹೋಟೆಲು, ಕಾರ್ಖಾನೆ ಅಂತ ತೋರಿಸಲು ಏನಾದರೂ ಇತ್ತು. ಕೆಲವಕ್ಕೆ ಅದೂ ಇಲ್ಲ: ಇವತ್ತು ಬಂದವನ ದುಡ್ಡು ತೆಗೆದು ನಿನ್ನೆ ಬಂದವನಿಗೆ ಬಡ್ಡಿ.

ಪಕ್ಕದ ಯುಗೊಸ್ಲಾವಿಯಾದ ಮೇಲೆ ವಿಶ್ವಸಂಸ್ಥೆಯ ನಿರ್ಬಂಧ ಇದ್ದಷ್ಟು ದಿನ ಗಡಿ ದಾಟಿಸಿ ಪೆಟ್ರೋಲು ಮಾರುವ ಕಳ್ಳ ವ್ಯಾಪಾರದಲ್ಲಿ ಒಳ್ಳೆ ಲಾಭ ಇತ್ತು. ಈ ಕಂಪನಿಗಳಲ್ಲಿ ಕೆಲವು ಅದರಲ್ಲೂ ಕೈಯಾಡಿಸಿದ್ದವು. 1995ರ ಕೊನೆಗೆ ನಿರ್ಬಂಧ ತೆಗೆದರು, ಆ ಆದಾಯ ನಿಂತಿತು. ಹೊಸ ದುಡ್ಡು ಬರಬೇಕಾದರೆ ಬಡ್ಡಿ ಏರಿಸಲೇಬೇಕು. 1996ರ ಶುರುವಿನಲ್ಲಿ ತಿಂಗಳಿಗೆ ನೂರಕ್ಕೆ ಎಂಟು ಕೊಡುತ್ತಿದ್ದ ಕಡೆ, ಸೆಪ್ಟೆಂಬರ್ ಹೊತ್ತಿಗೆ ಪೊಪುಲಿ ಮೂವತ್ತು ಅಂದಿತು. ಜಫೆರಿ ಮೂರು ತಿಂಗಳಲ್ಲಿ ಮೂರು ಪಟ್ಟು ಅಂದಿತು. ಸುದೆ ಎರಡೇ ತಿಂಗಳಲ್ಲಿ ಡಬಲ್ ಅಂತು. ಆ ಶರತ್ಕಾಲದಲ್ಲಿ ರೈತರು ಕುರಿ, ದನ ಹೊಡೆದುಕೊಂಡು ರಾಜಧಾನಿ ಟಿರಾನಕ್ಕೆ ಬಂದರು. ಮಾರಿ ಬಂದದ್ದನ್ನು ಕಂಪನಿಗೆ ಕಟ್ಟುವುದಕ್ಕೆ. ಇಡೀ ಊರು ಕಸಾಯಿಖಾನೆಯ ಹಾಗೆ ನಾರುತ್ತಿತ್ತು ಅಂತ ಆಗ ಕಂಡವರು ಬರೆದಿದ್ದಾರೆ. ಮನೆ ಮಾರಿದವರಿಗೆ ಲೆಕ್ಕವಿಲ್ಲ. ಜಫೆರಿ, ಪೊಪುಲಿ ಎರಡರಲ್ಲೇ ಸುಮಾರು 20 ಲಕ್ಷ ಠೇವಣಿದಾರರು. ದೇಶದ ಜನಸಂಖ್ಯೆ 35 ಲಕ್ಷ ದಾಟಿರಲಿಲ್ಲ. ಎಲ್ಲಾ ಕಂಪನಿ ಸೇರಿ ಜನರಿಗೆ ಕೊಡಬೇಕಾದ ಬಾಕಿ ದೇಶದ ವರ್ಷದ ಉತ್ಪನ್ನದ ಹೆಚ್ಚುಕಮ್ಮಿ ಅರ್ಧ ಮುಟ್ಟಿತು.

ಇದನ್ನು ದಡ್ಡತನ ಅನ್ನುತ್ತೀರಾ? ಡಬಲ್ ಮಾಡಿಕೊಡುತ್ತೇವೆ ಅಂದವರ ಹಿಂದೆ ಹೋದ ಒಬ್ಬರಾದರೂ ನಮ್ಮ ನೆಂಟರಲ್ಲೂ ಸಿಗುತ್ತಾರೆ, ಮೇಷ್ಟ್ರೇ. ಅವರೆಲ್ಲ ಹುಟ್ಟಿದಾಗಿನಿಂದ ವೋಟು ಹಾಕುತ್ತಾ ಬಂದವರೇ. ಪೂರ್ವ ಯುರೋಪಿನಲ್ಲೇ ಬೇಕಾದರೆ ಚೆಕ್ಕರನ್ನು ನೋಡಿ. ಎರಡು ಮಹಾಯುದ್ಧಗಳ ನಡುವೆ 20 ವರ್ಷ ಪ್ರಜಾಪ್ರಭುತ್ವ ನಡೆಸಿದವರು. ಅಲ್ಲಿ ಸರ್ಕಾರಿ ಕಾರ್ಖಾನೆಗಳ ಷೇರನ್ನು ಕೂಪನ್ ಪುಸ್ತಕದ ಮೂಲಕ ಜನರಿಗೆ ಹಂಚಿದರು. ಒಬ್ಬ ಯುವಕ ಹೂಡಿಕೆ ಫಂಡು ತೆರೆದು, "ಹಾರ್ವರ್ಡ್" ಅಂತ ಬೋರ್ಡು ಹಾಕಿ, ನಿಮ್ಮ ಕೂಪನ್ ನನಗೆ ಕೊಡಿ, ಒಂದು ವರ್ಷ ಒಂದು ದಿನಕ್ಕೆ ಹತ್ತು ಪಟ್ಟು ಅಂದ. ಅಮೆರಿಕದ ಆ ವಿಶ್ವವಿದ್ಯಾಲಯಕ್ಕೂ ಈ ಫಂಡಿಗೂ ಸಂಬಂಧವೇ ಇರಲಿಲ್ಲ. ಲಕ್ಷಾಂತರ ಜನ ಕೊಟ್ಟರು. ಅವನು ಕೊನೆಗೆ ಬಹಾಮಾಸ್ ಸೇರಿಕೊಂಡ.

ಹಾಗಾಗಿ ಜನ ತಯಾರಿದ್ದರಾ ಅನ್ನುವುದಕ್ಕಿಂತ, "ಇದು ಬೇಡ, ನಿಲ್ಲಿಸಿ" ಅನ್ನುವ ಕೆಲಸ ಯಾರದಾಗಿತ್ತು ಅಂತ ನಾನು ಕೇಳುತ್ತೇನೆ. ಅಲ್ಬೇನಿಯಾದಲ್ಲಿ ಆ ಕುರ್ಚಿಯಲ್ಲಿ ಯಾರೂ ಗಟ್ಟಿಯಾಗಿ ಕೂತಿರಲಿಲ್ಲ. ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ), ವಿಶ್ವಬ್ಯಾಂಕ್ 1996ರಲ್ಲೇ ಎಚ್ಚರಿಸಿದವು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ವರ್ಷದ ಚುನಾವಣೆಯಲ್ಲಿ ಇಂಥ ಕೆಲವು ಕಂಪನಿಗಳೇ ಆಳುವ ಪಕ್ಷಕ್ಕೆ ದೇಣಿಗೆ ಕೊಟ್ಟಿದ್ದವು, ಇನ್ನೇನು ಹೇಳುವುದು! ಆ ಚುನಾವಣೆಯೇ ಸರಿ ನಡೆಯಲಿಲ್ಲ ಅಂತ ವಿರೋಧ ಪಕ್ಷದವರು ಸಂಸತ್ತಿಗೆ ಹೋಗುತ್ತಿರಲಿಲ್ಲ.

ಈಗ ವ್ಲೋರ ಅನ್ನುವ ಬಂದರು ಊರಿನಲ್ಲಿ ದುಡ್ಡು ಕಳೆದುಕೊಂಡವನ ಜಾಗದಲ್ಲಿ ನಿಂತು ನೋಡಿ. 1997ರ ಶುರುವಿನಲ್ಲಿ ಕಂಪನಿಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಅವನು ದೂರು ತೆಗೆದುಕೊಂಡು ಎಲ್ಲಿಗೆ ಹೋಗಬೇಕು? ಕೋರ್ಟು ಆಳುವವರ ಮುಖ ನೋಡುತ್ತದೆ. ಸಂಸತ್ತಿನಲ್ಲಿ ಅವನ ಪರ ಮಾತಾಡುವವರಿಲ್ಲ. ಜನ ಬೀದಿಗೆ ಬಂದರು, ಆಮೇಲೆ ಸೇನೆಯ ಶಸ್ತ್ರಾಗಾರಗಳಿಗೆ ನುಗ್ಗಿದರು. ಲಕ್ಷಗಟ್ಟಲೆ ಬಂದೂಕು ಮನೆಮನೆ ಸೇರಿದವು. ಸುಮಾರು 2,000 ಜನ ಸತ್ತರು. ಏಪ್ರಿಲ್‌ನಲ್ಲಿ ಇಟಲಿಯ ನೇತೃತ್ವದಲ್ಲಿ ಹೊರಗಿನ ಸೇನೆ ಬರಬೇಕಾಯಿತು.

ನೀವು ಬಂದೂಕಿನ ತನಕ ಬಂದು ಕಥೆ ನಿಲ್ಲಿಸಿದ್ದೀರಿ. ಅದೇ ವರ್ಷ ಜೂನ್‌ನಲ್ಲಿ ಮತ್ತೆ ಚುನಾವಣೆ ನಡೆಯಿತು. ಬಂದೂಕು ಮನೆಯಲ್ಲಿದ್ದ ಜನವೇ ಸಾಲಿನಲ್ಲಿ ನಿಂತು ವೋಟು ಹಾಕಿದರು. ಆಳುವ ಪಕ್ಷ ಸೋತಿತು, ಬೆರಿಶಾ ಇಳಿದರು. 2005ರಲ್ಲಿ ಅವರೇ ಗೆದ್ದು ಪ್ರಧಾನಿಯಾಗಿ ಬಂದರು. 2013ರಲ್ಲಿ ಮತ್ತೆ ಸೋತಾಗ ಸೋತೆ ಅಂತ ಒಪ್ಪಿಕೊಂಡು ಕುರ್ಚಿ ಬಿಟ್ಟರು. ಅಲ್ಲಿ ಈಗಲೂ ಭ್ರಷ್ಟಾಚಾರ ಜಾಸ್ತಿಯೇ, ಯುವಕರು ಊರು ಬಿಡುವುದು ನಿಂತಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ತಯಾರಾಗುವ ತನಕ ಕಾಯಿರಿ ಅಂತ 1992ರಲ್ಲಿ ಹೇಳಿದ್ದರೆ, ಯಾರು ತಯಾರು ಮಾಡಬೇಕಿತ್ತು? ಹೊಜಾನ ಪಕ್ಷದವರೇ?

ಕಾಗದದ ಕೊನೆಯಲ್ಲಿ ಒಂದು ಸಣ್ಣ ಪ್ರಶ್ನೆ ಕೇಳಿದ್ದೀರಿ: ಲೇಖನದ ಜೊತೆಗಿದ್ದ ಫೋಟೋದಲ್ಲಿ ಹೊಲದ ನಡುವೆ ಅಣಬೆ ಹಾಗೆ ಕಾಣುವುದು ಏನು? ಅದು ಹೊಜಾ ಕಟ್ಟಿಸಿದ ಕಾಂಕ್ರೀಟ್ ಬಂಕರು. ಶತ್ರು ಬರುತ್ತಾನೆ ಅಂತ ದೇಶದ ತುಂಬಾ 1.7 ಲಕ್ಷದಷ್ಟು ಕಟ್ಟಿಸಿದ್ದ ಅನ್ನುತ್ತಾರೆ. ಶತ್ರು ಬರಲೇ ಇಲ್ಲ. ಒಡೆಯುವುದಕ್ಕೆ ಖರ್ಚು ಜಾಸ್ತಿ ಅಂತ ಬಹಳಷ್ಟು ಹಾಗೇ ಉಳಿದಿವೆ. ಕೆಲವರು ಅದರಲ್ಲಿ ಮೇಕೆ ಕಟ್ಟುತ್ತಾರೆ, ಕೆಲವು ಕಡೆ ಕಾಫಿ ಅಂಗಡಿ ಇಟ್ಟಿದ್ದಾರೆ.