ಅಟ್ಟದ ಮೇಲೆ ಸಿಕ್ಕಿದ ಗ್ರಾಮಫೋನ್ ತಟ್ಟೆಗಳಿಗೆ ಎಷ್ಟು ಬೆಲೆ ಬರಬಹುದು?

ತೀರ್ಥಹಳ್ಳಿ ಸಮೀಪದ ನಿಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಒಂದು ಪೆಟ್ಟಿಗೆ ಗ್ರಾಮಫೋನ್ ತಟ್ಟೆಗಳು ಸಿಕ್ಕಿವೆ, ಅವುಗಳಿಗೆ ಎಷ್ಟು ಬೆಲೆ ಬರುತ್ತದೆ, ಹಿಡಿದಿರುವ ಬೂಷ್ಟನ್ನು ಹೇಗೆ ತೆಗೆಯುವುದು ಎಂದು ಕೇಳಿದ್ದೀರಿ. ಸಾಗರದಲ್ಲಿದ್ದುಕೊಂಡು ಇಂಥವನ್ನೇ ಸಂಗ್ರಹಿಸುತ್ತ ಬಂದವನಾದ್ದರಿಂದ ಉತ್ತರಿಸುತ್ತಿದ್ದೇನೆ.

ಮಳೆಗಾಲ ಹತ್ತಿರವಿರುವುದರಿಂದ ಬೂಷ್ಟಿನ ಮಾತು ಮೊದಲು. ಭಾರವಾಗಿದ್ದು, ಬಗ್ಗದೆ, ಲೇಬಲ್ಲಿನ ಮೇಲೆ 78 (ನಿಮಿಷಕ್ಕೆ ತಟ್ಟೆ ತಿರುಗುವ ಸುತ್ತುಗಳ ಸಂಖ್ಯೆ) ಎಂದಿದ್ದರೆ ಅದು ಬಹುಪಾಲು ಅರಗು ಬೆರೆಸಿ ಮಾಡಿದ ತಟ್ಟೆ. ಅರಗು ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಸ್ಪಿರಿಟ್ಟನ್ನಾಗಲಿ ಸ್ಯಾನಿಟೈಸರನ್ನಾಗಲಿ ಅದಕ್ಕೆ ಸೋಕಿಸಲೇಬಾರದು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜಗಲಿಯ ನೆರಳಿನಲ್ಲಿ, ಮೃದುವಾದ ಬ್ರಷ್ಷಿನಿಂದ ಗೆರೆಗಳ ಗುಂಟ ಒರೆಸಿ. ಹೋಗದಿದ್ದರೆ ಒಂದು ಹನಿ ಸೋಪು ಬೆರೆಸಿದ ತಣ್ಣೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಲೇಬಲ್ ನೆನೆಯದಂತೆ ಒರೆಸಿ ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಿರಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗುತ್ತವೆ, ಒಂದರ ಮೇಲೊಂದು ಪೇರಿಸಿದರೆ ಸೀಳುತ್ತವೆ. ನೇರವಾಗಿ ನಿಲ್ಲಿಸಿಡಿ.

ಇನ್ನು ಬೆಲೆ. ಹಳೆಯದಾದಷ್ಟೂ ಬೆಲೆ ಹೆಚ್ಚು ಎಂಬ ನಂಬಿಕೆಯೇ ಸರಿಯಲ್ಲ. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ ತಟ್ಟೆಗಳಿಗೆ (ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯದಲ್ಲಿದ್ದು 1930ರಲ್ಲಿ ಅಲ್ಲಿಯೇ ತೀರಿಕೊಂಡರು) ಬೇಡಿಕೆ ಇರುವುದು ನಿಜ. ಆದರೆ ಮನೆಮನೆಗೂ ಮಾರಾಟವಾಗಿದ್ದ ಜನಪ್ರಿಯ ಚಿತ್ರಗೀತೆಗಳ ಮತ್ತು ಭಜನೆಗಳ ತಟ್ಟೆಗಳು ಇಂದಿಗೂ ಧಾರಾಳವಾಗಿ ಸಿಗುವುದರಿಂದ ಅವುಗಳಿಗೆ ಅಂಥ ಬೆಲೆಯಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಬ್ರಿಟನ್ನಿನಲ್ಲಿ 78ರ ತಟ್ಟೆಗಳು ನಿಂತುಹೋದ ಮೇಲೂ, ಕರೆಂಟಿಲ್ಲದ ಊರುಗಳಲ್ಲಿ ಕೀಲಿ ಕೊಡುವ ಗ್ರಾಮಫೋನುಗಳು ಉಳಿದಿದ್ದ ನಮ್ಮ ದೇಶದಲ್ಲಿ ಅವು ಅಚ್ಚಾಗುತ್ತಲೇ ಇದ್ದವು. ಹೀಗೆ 1960ರ ದಶಕದಲ್ಲಿ ಇಲ್ಲಿ ಹೊರಬಂದ ಬೀಟಲ್ಸ್ ತಂಡದ 78ರ ತಟ್ಟೆಗಳನ್ನು ವಿದೇಶದ ಸಂಗ್ರಾಹಕರು ಹುಡುಕಿಕೊಂಡು ಬರುತ್ತಾರೆ. ಕನ್ನಡದಲ್ಲಾದರೆ ನಾನು ಮೊದಲು ಎತ್ತಿಡುವುದು ಕಡಿಮೆ ಪ್ರತಿಗಳು ಅಚ್ಚಾದ ರಂಗಗೀತೆಗಳ ತಟ್ಟೆಗಳನ್ನು. ಪಿ. ಕಾಳಿಂಗರಾಯರ ಭಾವಗೀತೆಗಳಿದ್ದರೆ, ಬೆಲೆ ಏನೇ ಇರಲಿ, ಮಾರಬೇಡಿ ಎನ್ನುವುದು ನನ್ನ ಸ್ವಂತ ಅಭಿಪ್ರಾಯ.

ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯ ಬಿರುಕೂ ಕಾಣುತ್ತದೆ. ಬಿರುಕು ಬಿಟ್ಟದ್ದಕ್ಕೆ, ಜಿರಲೆ ಲೇಬಲ್ ತಿಂದದ್ದಕ್ಕೆ ಬೆಲೆ ತೀರಾ ಇಳಿಯುತ್ತದೆ. ಎಲ್ಪಿ (ನಂತರ ಬಂದ, ಹೆಚ್ಚು ಹೊತ್ತು ನುಡಿಯುವ ತಟ್ಟೆ) ನುಡಿಸುವ ಮುಳ್ಳಿನಲ್ಲಿ ಇವನ್ನು ಪರೀಕ್ಷಿಸಬೇಡಿ: 78ರ ಗೆರೆಗೆ ಸುಮಾರು ನಾಲ್ಕು ಪಟ್ಟು ದಪ್ಪ ತುದಿಯ ಮುಳ್ಳು ಬೇಕು. ಲೇಬಲ್ಲಿನ ಮೇಲಿನ ಸಂಖ್ಯೆಯನ್ನೂ, ಲೇಬಲ್ಲಿನ ಸುತ್ತ ಗೆರೆಗಳಿಲ್ಲದ ಖಾಲಿ ಜಾಗದಲ್ಲಿ ಒತ್ತಿರುವ ಸಂಖ್ಯೆಯನ್ನೂ ಬರೆದು, ಪ್ರತಿಯೊಂದರ ಫೋಟೋ ತೆಗೆದಿಡಿ. ಆ ಪಟ್ಟಿ ಸಿದ್ಧವಾಗುವವರೆಗೆ, ಇಡೀ ಪೆಟ್ಟಿಗೆಗೆ ಒಟ್ಟಾಗಿ ಇಷ್ಟು ಕೊಡುತ್ತೇನೆ ಎನ್ನುವವರಿಗೆ ಒಪ್ಪಬೇಡಿ.