ಸ್ಕ್ರ್ಯಾಪಲ್ ಹುರಿಯುವಾಗ ಬಾಣಲೆಯಲ್ಲೇ ಒಡೆದು ಹೋಗುತ್ತದೆ, ಏಕೆ?

ಹೆಚ್ಚಿನ ಸಲ ತಪ್ಪು ಹುರಿಯುವುದರಲ್ಲಲ್ಲ, ಹಿಟ್ಟು ಬೇಯಿಸುವುದರಲ್ಲಿ. ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್ ಮೂಲದ ರೈತರು ಹಂದಿಯ ತಲೆ, ಹೃದಯ, ಅಳಿದುಳಿದ ಚೂರು ವ್ಯರ್ಥವಾಗದಿರಲೆಂದು ಹಿಟ್ಟಿನ ಜೊತೆ ಬೇಯಿಸಿ, ಅಚ್ಚಿನಲ್ಲಿ ಗಟ್ಟಿ ಮಾಡಿ, ಹೋಳಾಗಿಸಿ ಹುರಿಯುತ್ತಿದ್ದ ತಿನಿಸಿದು. ತಲೆ, ಕಾಲು ಬೆಂದಾಗ ಬಿಡುವ ಅಂಟು (ಜೆಲಾಟಿನ್) ತಣ್ಣಗಿದ್ದಾಗ ಮಾತ್ರ ಗಟ್ಟಿ. ಬಾಣಲೆ ಕಾದೊಡನೆ ಕರಗುತ್ತದೆ. ಆಮೇಲೆ ಹಿಡಿದಿಡುವುದು ಹಿಟ್ಟೊಂದೇ.

ಮೂಳೆಸಹಿತ ಮಾಂಸವನ್ನು ಸಣ್ಣ ಉರಿಯಲ್ಲಿ 3 ಗಂಟೆ ಬೇಯಿಸಿ, ಮೂಳೆ ತೆಗೆದು ಸಣ್ಣಗೆ ಕೊಚ್ಚಿ. ಸುಮಾರು 700 ಗ್ರಾಂ ಮಾಂಸಕ್ಕೆ ಸೋಸಿದ ರಸ 1.25 ಲೀಟರ್, ಮೆಕ್ಕೆಜೋಳದ ಹಿಟ್ಟು 240 ಗ್ರಾಂ, ಬಕ್‌ವೀಟ್ (ಕುಟ್ಟು) ಹಿಟ್ಟು 60 ಗ್ರಾಂ. ಮಾಂಸದಲ್ಲಿ ಪಿತ್ತಜನಕಾಂಗ (ಲಿವರ್) 100 ಗ್ರಾಂ ದಾಟಿದರೆ ಕಹಿ ಎದ್ದು ಕಾಣುತ್ತದೆ. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕಲಸಿಕೊಳ್ಳದಿದ್ದರೆ ಗಂಟು ಖಂಡಿತ. ಕಲಸಿದ್ದನ್ನು ಕುದಿಯುವ ರಸ, ಮಾಂಸಕ್ಕೆ ಸೇರಿಸಿ, ಸೇಜ್ (ಒಂದು ಸುವಾಸನೆಯ ಸೊಪ್ಪು), ಕರಿಮೆಣಸು, ಉಪ್ಪು ಹಾಕಿ, ತಳ ಹಿಡಿಯದಂತೆ 25–30 ನಿಮಿಷ ತಿರುವಿ. ಸೌಟು ನೆಟ್ಟಗೆ ನಿಲ್ಲಬೇಕು, ಮುದ್ದೆ ಪಾತ್ರೆಯ ಅಂಚು ಬಿಡಬೇಕು. ಹತ್ತೇ ನಿಮಿಷಕ್ಕೆ ಗಟ್ಟಿಯಾದಂತೆ ಕಂಡರೂ ನಂಬಬೇಡಿ, ಹಿಟ್ಟಿನ ಕಣದ ಒಳಗು ಇನ್ನೂ ಹಸಿ.

ಅಚ್ಚಿಗೆ ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಫ್ರೀಜರ್‌ನಲ್ಲಿಟ್ಟು ತೆಗೆದದ್ದು ನೀರು ಬಿಟ್ಟು ಪುಡಿಯಾಗಬಹುದು. ಒಂದೂಕಾಲು ಸೆಂ.ಮೀ. ದಪ್ಪದ ಹೋಳಿಗೆ ಒಣ ಹಿಟ್ಟು ಸವರಿ, ಮಧ್ಯಮ ಉರಿಯಲ್ಲಿ 6–7 ನಿಮಿಷ ಮುಟ್ಟದೆ ಬಿಡಿ. ಕಂದು ಪದರ ಕಟ್ಟಿದಾಗ ತಾನಾಗಿ ಬಾಣಲೆ ಬಿಡುತ್ತದೆ. ಮೊಗಚುವುದು ಒಂದೇ ಸಲ.

ಮೊದಲ ಸಲ ತಿನ್ನುವವರು ತೆಳ್ಳಗೆ ಕೊಯ್ದು ಗರಿಗರಿ ಮಾಡಿ, ಮೇಪಲ್ ಸಿರಪ್ ಜೊತೆ ತಿನ್ನಲಿ. ಒಳಗಿನ ಮೆತ್ತನೆ ಹದ ಹಿಡಿಸದಿದ್ದರೆ ಅಮೆರಿಕದ ಸಿನ್ಸಿನಾಟಿ ನಗರದ ಇಂಥದೇ ತಿನಿಸು ಗೆಟ್ಟಾ ವಾಸಿ. ಅದರಲ್ಲಿ ಕತ್ತರಿಸಿದ ಓಟ್ಸ್ ಇರುವುದರಿಂದ ಹಲ್ಲಿಗೆ ಸಿಗುತ್ತದೆ.